ಹಳೆಯ ಮಸ್ಟಾಂಗ್‌ಗೆ ಯಾವ ಎಂಜಿನ್: ಫೋರ್ಡ್‌ನದೋ, ಶೆವ್ರೊಲೆಯದೋ?

ಹಳೆಯ ಮಸ್ಟಾಂಗ್ ಕೊಂಡವರು ಇವತ್ತಲ್ಲ ನಾಳೆ ಎಂಜಿನ್ನಿನ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಸವೆದ 289 ವಿ8 (289 ಕ್ಯೂಬಿಕ್ ಇಂಚಿನ, ವಿ ಆಕಾರದ ಎಂಟು ಸಿಲಿಂಡರ್ ಎಂಜಿನ್) ಆಯಿಲ್ ಕುಡಿಯತೊಡಗಿರುತ್ತದೆ, ಇಲ್ಲವೇ ಆರು ಸಿಲಿಂಡರಿನ ಎಂಜಿನ್ ಹೆದ್ದಾರಿಯ ಏರಿನಲ್ಲಿ ಸುಸ್ತಾಗುತ್ತಿರುತ್ತದೆ. ಅಮೆರಿಕದ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ಬೇಗ ಕಿವಿಗೆ ಬೀಳುವ ಸಲಹೆ 'ಎಲ್‌ಎಸ್ ಕೂರಿಸಿಬಿಡಿ' ಎಂಬುದು. ಎಲ್‌ಎಸ್ ಅಂದರೆ ಜನರಲ್ ಮೋಟಾರ್ಸ್ (ಜಿಎಂ) ತನ್ನ 1997ರ ಶೆವ್ರೊಲೆ ಕಾರ್ವೆಟ್‌ನಲ್ಲಿ ಮೊದಲು ತಂದ ವಿ8 ಎಂಜಿನ್ನುಗಳ ವಂಶ. ಫೋರ್ಡ್‌ನ ಅತಿ ಮುದ್ದಿನ ಕಾರಿನ ಒಡಲೊಳಗೆ ಎದುರಾಳಿಯ ಹೃದಯ ಇಡುವ ಮಾತು ಇದು. ಕೇಳಿದ ಕೂಡಲೇ ಫೋರ್ಡ್ ಅಭಿಮಾನಿಗಳ ಮುಖ ಕೆಂಪಾಗುತ್ತದೆ.

ನನಗೂ ಫೋರ್ಡ್ ಮೇಲೆ ಪ್ರೀತಿ ಇದೆ. ಆದರೆ ಈ ತೀರ್ಮಾನವನ್ನು ಲಾಂಛನಕ್ಕೆ ಬಿಡಬಾರದು, ಅಳತೆ ಟೇಪಿಗೆ ಬಿಡಬೇಕು. ಕೇಳಬೇಕಾದ ಮುಖ್ಯ ಪ್ರಶ್ನೆ ಅಶ್ವಶಕ್ತಿಯದೂ ಅಲ್ಲ. ಈ ಎಂಜಿನ್ ಹಿಡಿಸಲು ಕಾರಿನ ಮೈಯಿಂದ ಎಷ್ಟು ಲೋಹ ಕತ್ತರಿಸಬೇಕು? ನಾಳೆ ಮನಸ್ಸು ಬದಲಾದರೆ, ಅಥವಾ ಕಾರು ಬೇರೆಯವರ ಕೈಗೆ ಹೋದರೆ, ಮೊದಲಿನ ಸ್ಥಿತಿಗೆ ತರಲು ಸಾಧ್ಯವೇ? ಇದನ್ನು ಮುಂದಿಟ್ಟುಕೊಂಡು ನೋಡಿದರೆ ಮೂರು ಆಯ್ಕೆಗಳ ಚಿತ್ರವೇ ಬದಲಾಗುತ್ತದೆ. ಒಂದು, ಫೋರ್ಡ್‌ನ ಹಳೆಯ ಸ್ಮಾಲ್ ಬ್ಲಾಕ್ (ಗಾತ್ರದಲ್ಲಿ ಚಿಕ್ಕ ವಿ8), ಅಂದರೆ 289, 302 ಮತ್ತು 351 ವಿಂಡ್ಸರ್. ಎರಡು, ಜಿಎಂನ ಎಲ್‌ಎಸ್. ಮೂರು, ಫೋರ್ಡ್‌ನದೇ ಹೊಸ 5.0 ಲೀಟರ್ ಕಯೋಟಿ. ಇಲ್ಲಿ ಹೇಳುವುದೆಲ್ಲ 1965ರಿಂದ 1970ರವರೆಗಿನ ಮಸ್ಟಾಂಗ್‌ಗಳ ಬಗ್ಗೆ.

ಮೊದಲು ಐದನೆಯ ಅಕ್ಷರ ಓದಿ

ಕಾರಿನ ಗುರುತು ಸಂಖ್ಯೆಯನ್ನು ಡ್ರೈವರ್ ಬದಿಯ ಒಳ ಫೆಂಡರಿನ ಮೇಲೆ ಒತ್ತಿರುತ್ತಾರೆ. ಅದರಲ್ಲಿ ಐದನೆಯ ಅಕ್ಷರ ಎಂಜಿನ್ನಿನದು. '5ಎಫ್07ಸಿ' ಎಂದು ಶುರುವಾದರೆ 1965ರ ಮಾಡೆಲ್, ಡಿಯರ್‌ಬಾರ್ನ್ ಕಾರ್ಖಾನೆ, ಹಾರ್ಡ್‌ಟಾಪ್ ಬಾಡಿ, ಎರಡು ಬ್ಯಾರೆಲ್ (ಗಾಳಿ ಹೋಗುವ ಕೊಳವೆ) ಕಾರ್ಬುರೇಟರಿನ 200 ಅಶ್ವಶಕ್ತಿಯ 289 ಎಂದು ಓದಬೇಕು. ಅದೇ ಜಾಗದಲ್ಲಿ 'ಎ' ಇದ್ದರೆ ನಾಲ್ಕು ಬ್ಯಾರೆಲ್‌ನ 225 ಅಶ್ವಶಕ್ತಿ. 'ಟಿ' ಇದ್ದರೆ 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್.

'ಕೆ' ಇದ್ದರೆ ಸ್ಪ್ಯಾನರ್ ಕೆಳಗಿಡಿ. ಅದು 271 ಅಶ್ವಶಕ್ತಿಯ ಹೈ ಪರ್ಫಾರ್ಮೆನ್ಸ್ 289 ಜೊತೆ ಬಂದ ಕಾರು. 428 ಕೋಬ್ರಾ ಜೆಟ್, 1969-70ರ ಬಾಸ್ 302, ಬಾಸ್ 429 ಕಾರುಗಳಿಗೂ ಇದೇ ಮಾತು. ಮೂಲ ಎಂಜಿನ್ ಎಂದೋ ಕಳೆದುಹೋಗಿದ್ದರೂ ಇವಕ್ಕೆ ಆ ಕಾಲದ, ಆ ಬಗೆಯ ಫೋರ್ಡ್ ಎಂಜಿನ್ನನ್ನೇ ಹುಡುಕಿ ಹಾಕಬೇಕು. ಬೇರೇನೇ ಹಾಕಿದರೂ ಕಾರಿಗೆ ಅನ್ಯಾಯ, ನಿಮ್ಮ ಹಣಕ್ಕೂ ನಷ್ಟ. 1967 ಮತ್ತು ನಂತರದ ಕಾರಾದರೆ ಮಾರ್ಟಿ ರಿಪೋರ್ಟ್ ತರಿಸಿಕೊಳ್ಳಿ. ಫೋರ್ಡ್‌ನ ಉತ್ಪಾದನಾ ದಾಖಲೆ ನೋಡಿ ನಿಮ್ಮ ಕಾರು ಕಾರ್ಖಾನೆಯಿಂದ ಹೇಗೆ ಹೊರಬಂತು ಎಂದು ಅದು ಹೇಳುತ್ತದೆ. ಎಂಜಿನ್ ಇಳಿಸುವ ಮೊದಲು ಖರ್ಚು ಮಾಡಲೇಬೇಕಾದ ಹಣ ಅದು.

ಉಳಿದ 'ಸಿ', 'ಟಿ' ಕಾರುಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಮಸ್ಟಾಂಗ್ ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ದಾಟಿತ್ತು. ಅವುಗಳಲ್ಲಿ ಬಹುಪಾಲು ಇಂಥ ಸಾಧಾರಣ ಕಾರುಗಳೇ. ಮುಂದಿನ ಹೋಲಿಕೆ ಇವುಗಳಿಗೆ.

ಬಾನೆಟ್ ಎತ್ತಿದರೆ ಕಾಣುವುದು

ಎಂಜಿನ್ನಿನ ಎರಡೂ ಪಕ್ಕ ಒಳಕ್ಕೆ ಚಾಚಿಕೊಂಡ ದಪ್ಪ ಉಕ್ಕಿನ ಗೂಡುಗಳು ಕಾಣುತ್ತವೆ. ಇವೇ ಶಾಕ್ ಟವರ್. ಈ ಕಾರಿನಲ್ಲಿ ಮುಂದಿನ ಸ್ಪ್ರಿಂಗ್ ಕೂರುವುದು ಚಕ್ರವನ್ನು ಹಿಡಿದಿಡುವ ಮೇಲಿನ ತೋಳಿನ (ಕಂಟ್ರೋಲ್ ಆರ್ಮ್) ಮೇಲೆ. ಸ್ಪ್ರಿಂಗಿನ ತಲೆ ಈ ಟವರಿನೊಳಗೆ ಸೇರಿಕೊಂಡಿರುತ್ತದೆ. ಮಸ್ಟಾಂಗ್‌ನ ತಳಪಾಯ 1960ರ ಫೋರ್ಡ್ ಫಾಲ್ಕನ್‌ನದು. ಫಾಲ್ಕನ್ ಹುಟ್ಟಿದ್ದು ಸಣ್ಣ ಆರು ಸಿಲಿಂಡರಿನ, ಒಂದೇ ಸಾಲಿನ ಎಂಜಿನ್ನಿಗಾಗಿ. ಹಾಗಾಗಿ ಅಗಲದ ಚಿಂತೆ ಯಾರಿಗೂ ಇರಲಿಲ್ಲ. ಮುಂದೆ 390 ಬಿಗ್ ಬ್ಲಾಕ್ (ದೊಡ್ಡ ಗಾತ್ರದ ವಿ8) ಹಿಡಿಸಬೇಕೆಂದೇ ಫೋರ್ಡ್ 1967ರಲ್ಲಿ ಎಂಜಿನ್ ಕೋಣೆಯನ್ನು ಹಿಗ್ಗಿಸಿತು. ಆದ್ದರಿಂದ 1965-66ರ ಕಾರಿಗೂ 1967-70ರ ಕಾರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ಇದು ಪ್ರತ್ಯೇಕ ಛಾಸಿ ಇಲ್ಲದ ಕಾರು. ರಸ್ತೆಯ ಗುಂಡಿಯ ಹೊಡೆತವೆಲ್ಲ ಟವರ್ ಮೂಲಕ ಬಾಡಿಗೆ ಹೋಗುತ್ತದೆ. ಟವರ್ ಕತ್ತರಿಸುವುದೆಂದರೆ ಕಾರಿನ ಮುಂಭಾಗದ ಬಲವನ್ನು ಹೊಸದಾಗಿ ಕಟ್ಟಿಕೊಡುವುದು. ಅದಕ್ಕೆ ಒಳ್ಳೆಯ ವೆಲ್ಡರ್ ಬೇಕು, ನೇರವಾಗಿ ಹಿಡಿದಿಡುವ ಜಿಗ್ ಬೇಕು.

ಎರಡನೆಯ ಅಡ್ಡಿ ಕೆಳಗಿದೆ, ಮೇಲಿಂದ ಕಾಣುವುದಿಲ್ಲ. ಸ್ಟಿಯರಿಂಗಿನ ಅಡ್ಡ ಸರಳು ಎಂಜಿನ್ನಿನ ಕೆಳಗೆ ಹಿಂಬದಿಯಲ್ಲಿ ಹಾದುಹೋಗುತ್ತದೆ. ಅದಕ್ಕೇ ಫೋರ್ಡ್ ಆಯಿಲ್ ಪ್ಯಾನಿನ ಆಳದ ಭಾಗವನ್ನು, ಅಂದರೆ ಸಂಪನ್ನು, ಮುಂದೆ ಇಟ್ಟಿತು. ಶೆವ್ರೊಲೆಯ ಕಮಾರೊ ಕಾರು, ಪಿಕಪ್‌ಗಳಿಂದ ಇಳಿಸಿದ ಎಲ್‌ಎಸ್‌ನ ಸಂಪ್ ಹಿಂದಿರುತ್ತದೆ. ಎಂಜಿನ್ ಇಳಿಬಿಟ್ಟ ತಕ್ಷಣ ಸಂಪ್ ಹೋಗಿ ಆ ಸರಳಿನ ಮೇಲೆ ಕೂರುತ್ತದೆ. ಅಗಲ ಮಾತ್ರ ಅಳೆದು ಎಂಜಿನ್ ಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಫೋರ್ಡ್ ಸ್ಮಾಲ್ ಬ್ಲಾಕ್

289 ಇದ್ದ ಜಾಗಕ್ಕೆ 302 ಹಾಗೇ ಕೂರುತ್ತದೆ. ಎರಡರ ಬೋರ್ (ಸಿಲಿಂಡರಿನ ಅಡ್ಡಳತೆ) 4 ಇಂಚು. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಮಾತ್ರ 2.87ರಿಂದ 3 ಇಂಚಿಗೆ ಏರಿದೆ. ಅದೇ ಮೌಂಟ್, ಅದೇ ಹೆಡರ್ (ಹೊಗೆ ಹೊರಹಾಕುವ ಕೊಳವೆಗಳು), ಅದೇ ಗೇರ್‌ಬಾಕ್ಸ್. ಲೋಹ ಕತ್ತರಿಸುವ ಪ್ರಶ್ನೆಯೇ ಇಲ್ಲ. ಆರು ಸಿಲಿಂಡರಿನ ಕಾರಾದರೆ ಮೌಂಟ್, ಗೇರ್‌ಬಾಕ್ಸ್, ರೇಡಿಯೇಟರ್ ಬದಲಿಸಬೇಕು. ಎಲ್ಲವೂ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ.

ಇದನ್ನು 'ಸುಲಭದ ದಾರಿ' ಎಂದು ಕಡೆಗಣಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1985ರ ನಂತರದ ಮಸ್ಟಾಂಗ್ ಜಿಟಿಗಳ 5.0 ಎಂಜಿನ್ನಿನಲ್ಲಿ (302ಕ್ಕೆ ಲೀಟರ್ ಲೆಕ್ಕದ ಹೆಸರು) ರೋಲರ್ ಲಿಫ್ಟರ್, ಅಂದರೆ ಕ್ಯಾಮ್ ಮೇಲೆ ಉಜ್ಜದೆ ಉರುಳುವ ಲಿಫ್ಟರ್ ಬಂತು. ಇಂದಿನ ಎಂಜಿನ್ ಆಯಿಲ್‌ಗಳಲ್ಲಿ ಸತುವಿನ ಅಂಶ ಕಡಿಮೆಯಾಗಿದ್ದು, ಹಳೆಯ ಚಪ್ಪಟೆ ಲಿಫ್ಟರಿನ ಕ್ಯಾಮ್ ಬೇಗ ಸವೆಯುವ ಅಪಾಯವಿದೆ. ರೋಲರಿಗೆ ಆ ತೊಂದರೆ ಇಲ್ಲ. ತೊಂಬತ್ತರ ದಶಕದ ಕೊನೆಯ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳಲ್ಲೂ ಇದೇ 5.0 ಇತ್ತು, ಇನ್ನೂ ಉತ್ತಮ ಹೆಡ್‌ಗಳೊಂದಿಗೆ (ಸಿಲಿಂಡರಿನ ಮೇಲಿನ, ವಾಲ್ವ್ ಕೂರುವ ಭಾಗ). ಹೆಚ್ಚು ಬೇಕೆಂದರೆ 302 ಬ್ಲಾಕನ್ನು 30 ಥೌ (ಇಂಚಿನ ಸಾವಿರದ ಮೂವತ್ತು ಭಾಗ) ಬೋರ್ ಮಾಡಿಸಿ 3.40 ಇಂಚಿನ ಕ್ರ್ಯಾಂಕ್ ಹಾಕಿದರೆ 347 ಆಗುತ್ತದೆ. ಹೊರಗಿನಿಂದ ನೋಡಿದರೆ ಅದೇ ಹಳೆಯ 289.

ಮೂರು ಕಡೆ ಮಾತ್ರ ಎಚ್ಚರ ಬೇಕು, ಮೂರೂ ಹೊಸ ಮತ್ತು ಹಳೆಯ ಭಾಗ ಬೆರೆಸುವಾಗ ಕಾಡುವಂಥವು. 1980ರ ಆಸುಪಾಸಿನವರೆಗಿನ 302ಗಳ ಬ್ಯಾಲೆನ್ಸ್ (ತಿರುಗುವ ಭಾಗಗಳನ್ನು ಸರಿದೂಗಿಸುವ ತೂಕದ ಲೆಕ್ಕ) 28 ಔನ್ಸ್, ಆಮೇಲಿನವು 50 ಔನ್ಸ್. ನಿಮ್ಮ ಹಳೆಯ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಫ್ಲೆಕ್ಸ್‌ಪ್ಲೇಟನ್ನು (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ತಟ್ಟೆ) 1990ರ ಎಂಜಿನ್ನಿಗೆ ಹಾಕಿದರೆ ಬೋಲ್ಟ್‌ಗಳೆಲ್ಲ ಸರಿಯಾಗಿಯೇ ಕೂರುತ್ತವೆ, ಎಂಜಿನ್ ಮಾತ್ರ ಅದುರಿ ಅದುರಿ ತನ್ನನ್ನೇ ಒಡೆದುಕೊಳ್ಳುತ್ತದೆ. ಫ್ಲೆಕ್ಸ್‌ಪ್ಲೇಟ್ ಮತ್ತು ಮುಂದಿನ ಬ್ಯಾಲೆನ್ಸರ್ ಎರಡೂ ಎಂಜಿನ್ನಿನ ಕಾಲದವೇ ಆಗಿರಬೇಕು. ಹಾಗೇ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯುವ ಕ್ರಮ. ಹಳೆಯ 289ರದು 1-5-4-2-6-3-7-8. ಮಸ್ಟಾಂಗ್ ಜಿಟಿಯ 5.0 ಎಚ್‌ಒ ಎಂಜಿನ್ನಿನದು 351 ವಿಂಡ್ಸರ್ ಕ್ರಮ, 1-3-7-2-6-5-4-8. ಹಳೆಯ ಪುಸ್ತಕ ನೋಡಿ ಪ್ಲಗ್ ವೈರ್ ಹಾಕಿದರೆ ಕಾರ್ಬುರೇಟರಿನಿಂದ ಬೆಂಕಿ ಉಗುಳುತ್ತದೆ. ಇನ್ನೊಂದು: 1964ರ ಬೇಸಿಗೆಯವರೆಗಿನ ಬ್ಲಾಕ್‌ಗಳಿಗೆ ಬೆಲ್‌ಹೌಸಿಂಗಿನಲ್ಲಿ (ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಗಂಟೆಯಾಕಾರದ ಕವಚ) ಐದು ಬೋಲ್ಟ್, ನಂತರದವಕ್ಕೆ ಆರು. ತೀರ ಆರಂಭದ ಕಾರು ಇದ್ದವರು ಎಣಿಸಿ ನೋಡಿ.

351 ವಿಂಡ್ಸರ್ ಒಳ್ಳೆಯ ಎಂಜಿನ್. ಆದರೆ ಅದರ ಬ್ಲಾಕ್ 302ಕ್ಕಿಂತ ಸುಮಾರು 1.3 ಇಂಚು ಎತ್ತರ. ವಿ ಆಕಾರದ ಎಂಜಿನ್ ಎತ್ತರವಾದರೆ ಅಗಲವೂ ಹೆಚ್ಚುತ್ತದೆ. 1969-70ರ ಕಾರಿಗೆ ಕಾರ್ಖಾನೆಯೇ ಕೊಟ್ಟದ್ದರಿಂದ ತಕರಾರಿಲ್ಲ. 1965-66ರಲ್ಲಿ ಹೆಡರ್‌ಗೆ ಜಾಗ ಮಾಡಲು ಒದ್ದಾಡಬೇಕು.

ಎಲ್‌ಎಸ್: ಎದುರಾಳಿ ಯಾಕೆ ಹೊಂದುತ್ತಾನೆ

ಎಲ್‌ಎಸ್‌ನ ಕ್ಯಾಮ್ ಬ್ಲಾಕಿನೊಳಗೇ ಇದೆ, ವಾಲ್ವ್ ತೆರೆಯುವುದು ಪುಶ್‌ರಾಡ್. ಐವತ್ತರ ದಶಕದ ವಿನ್ಯಾಸವನ್ನೇ ಜಿಎಂ ತಿದ್ದಿ ತೀಡಿ ಇಷ್ಟು ಒಳ್ಳೆಯದು ಮಾಡಿತು. ಹೆಡ್‌ಗಳು ಚಿಕ್ಕವಾಗಿ ಉಳಿದದ್ದರಿಂದ ಎಂಜಿನ್ ಸಪೂರ, ಕುಳ್ಳು. ಮೊದಲ ಎಲ್‌ಎಸ್1 5.7 ಲೀಟರ್, 345 ಅಶ್ವಶಕ್ತಿ. 2008ರ ಕಾರ್ವೆಟ್‌ನ ಎಲ್‌ಎಸ್3 6.2 ಲೀಟರ್, 430. ಅಲ್ಯೂಮಿನಿಯಂ ಬ್ಲಾಕಿನ ಎಲ್‌ಎಸ್ ತೂಕದಲ್ಲಿ ಹಳೆಯ ಕಬ್ಬಿಣದ 289ರ ಆಸುಪಾಸಿನಲ್ಲೇ ಇದೆ. ಹಾಗಾಗಿ ಮೂತಿ ಭಾರವಾಗಿ ಸ್ಟಿಯರಿಂಗ್ ಕೆಡುವ ಭಯವಿಲ್ಲ.

ನಿಜವಾದ ಆಕರ್ಷಣೆ ಗುಜರಿಯಲ್ಲಿದೆ. 1999ರಿಂದ ಶೆವ್ರೊಲೆ, ಜಿಎಂಸಿ ಪಿಕಪ್‌ಗಳಲ್ಲಿ ಬಂದ 5.3 ಲೀಟರ್ ಕಬ್ಬಿಣದ ಬ್ಲಾಕ್ ಅಮೆರಿಕದ ಯಾವ ಊರಿನ ಗುಜರಿಯಲ್ಲೂ ಸಿಗುತ್ತದೆ. ಅದರ 285 ಅಶ್ವಶಕ್ತಿಯನ್ನು 1965ರ 225ರ ಪಕ್ಕ ಹಾಗೇ ಇಟ್ಟು ನೋಡಬೇಡಿ. ಹಳೆಯ ಲೆಕ್ಕ ಗ್ರಾಸ್: ಎಂಜಿನ್ನನ್ನು ಬೆಂಚಿಗೆ ಬಿಗಿದು, ಏರ್ ಫಿಲ್ಟರ್, ಸೈಲೆನ್ಸರ್ ಇಲ್ಲದೆ ಅಳೆದದ್ದು. 1972ರಿಂದೀಚೆಗೆ ಎಲ್ಲ ಜೋಡಿಸಿ ಅಳೆಯುವ ನೆಟ್ ಲೆಕ್ಕ ಬಂತು. ರಸ್ತೆಯ ಮೇಲಿನ ಅಂತರ ಕಾಗದದ ಅಂತರಕ್ಕಿಂತ ದೊಡ್ಡದು.

ಆದರೆ ಅಗ್ಗದ ಎಂಜಿನ್ ಕೊಂಡ ಮೇಲೆ ಖರ್ಚು ಶುರುವಾಗುತ್ತದೆ. ಮುಂದೆ ಸಂಪ್ ಇರುವ ಪ್ಯಾನ್ ಬೇಕು. 2004-06ರ ಪಾಂಟಿಯಾಕ್ ಜಿಟಿಓದ್ದು ಆ ಬಗೆಯದು, ಆದರೂ ನಿಮ್ಮ ಕಾರಿಗೆ ಹಿಡಿದು ನೋಡದೆ ಕೊಳ್ಳಬೇಡಿ. ಪಿಕಪ್‌ನ ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಒಯ್ಯುವ ಭಾಗ) ಎತ್ತರ, ಬಾನೆಟ್‌ಗೆ ತಗಲುತ್ತದೆ. ಕಾರಿನ ಗಿಡ್ಡ ಇನ್‌ಟೇಕ್ ಹುಡುಕಬೇಕು. ಎಸಿ ಕಂಪ್ರೆಸರ್ ಬಲಬದಿ ಕೆಳಗಿದ್ದು ಚೌಕಟ್ಟಿಗೆ ಹೊಡೆಯುತ್ತದೆ. ಟವರ್ ಉಳಿಸಿಕೊಂಡೇ ಎಲ್‌ಎಸ್ ಕೂರಿಸಿದವರಿದ್ದಾರೆ, ಆದರೆ ಟವರಿಗೂ ಹೆಡ್ಡಿಗೂ ನಡುವಿನ ಸಂದಿಯಲ್ಲಿ ಹೆಡರ್ ಇಳಿಸುವುದೇ ದೊಡ್ಡ ಕೆಲಸ. 1967ರ ನಂತರದ ಕಾರಿನಲ್ಲಿ ಇದು ಸಲೀಸು.

ಎಲ್‌ಎಸ್ ಕೇಳುವುದು 58 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಪೆಟ್ರೋಲ್ ಒತ್ತಡ. ಹಳೆಯ ಕಾರ್ಬುರೇಟರಿಗೆ ಐದಾರು ಪಿಎಸ್‌ಐ ಸಾಕಿತ್ತು. ಹಾಗಾಗಿ ಟ್ಯಾಂಕಿನೊಳಗಿನ ಪಂಪ್, ಹೊಸ ಪೈಪು, ರೆಗ್ಯುಲೇಟರ್ ಎಲ್ಲ ಬರಬೇಕು. ಈ ಕಾರಿನ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ ಎಂಬುದು ನೆನಪಿರಲಿ. ಪಂಪಿನ ಕೆಲಸ ಅಚ್ಚುಕಟ್ಟಾಗಿರದಿದ್ದರೆ ಪೆಟ್ರೋಲ್ ವಾಸನೆ ಡಿಕ್ಕಿಯಲ್ಲೇ. ಇನ್ನು ವೈರಿಂಗ್. ಮೊದಲ ಎಂಜಿನ್ನುಗಳ ಕ್ರ್ಯಾಂಕ್ ಚಕ್ರದಲ್ಲಿ 24 ಹಲ್ಲು, 2006ರ ಆಸುಪಾಸಿನಿಂದ 58. ಕಂಪ್ಯೂಟರ್ ಅದಕ್ಕೆ ಹೊಂದದಿದ್ದರೆ ಎಂಜಿನ್ ಸ್ಟಾರ್ಟೇ ಆಗದು. ಜಿಎಂ ಕಂಪ್ಯೂಟರಿನೊಳಗಿನ ಕಳ್ಳತನ ತಡೆಯನ್ನೂ ತೆಗೆಸಿಕೊಳ್ಳಬೇಕು. ಆದ್ದರಿಂದ ಗುಜರಿಯಲ್ಲಿ ಬರೀ ಎಂಜಿನ್ ಕೊಳ್ಳಬೇಡಿ. ಅದೇ ಗಾಡಿಯ ಕಂಪ್ಯೂಟರ್, ವೈರಿಂಗ್, ಥ್ರಾಟಲ್ ಪೆಡಲ್, ಸೆನ್ಸರ್‌ಗಳು ಎಲ್ಲ ಒಟ್ಟಿಗೆ ಸಿಕ್ಕರೆ ಮಾತ್ರ ಅದು ಅಗ್ಗ.

ಫೋರ್ಡ್ ಗೇರ್‌ಬಾಕ್ಸ್ ಇದಕ್ಕೆ ನೇರ ಕೂರುವುದಿಲ್ಲ. ಜಿಎಂನ ಆರು ಗೇರಿನ ಟಿ56 ದಪ್ಪನೆಯದು, ಅದಕ್ಕಾಗಿ ನೆಲದ ಸುರಂಗ (ಗೇರ್‌ಬಾಕ್ಸ್ ಕೂರುವ ಉಬ್ಬು) ಕತ್ತರಿಸುವವರು ಬಹಳ. 'ಎಲ್‌ಎಸ್‌ಗೆ ಏನೂ ಕತ್ತರಿಸಬೇಕಿಲ್ಲ' ಎಂದು ಯಾರಾದರೂ ಹೇಳಿದರೆ ಗೇರ್‌ಬಾಕ್ಸ್ ಯಾವುದು ಎಂದು ಕೇಳಿ.

ಕಯೋಟಿ

2011ರ ಮಸ್ಟಾಂಗ್ ಜಿಟಿಯಲ್ಲಿ 412 ಅಶ್ವಶಕ್ತಿಯೊಂದಿಗೆ ಬಂದ ಕಯೋಟಿ 2018ಕ್ಕೆ 460 ಮುಟ್ಟಿತು. ಗಾತ್ರ ಅದೇ 5 ಲೀಟರ್, ಅದೇ 302 ಕ್ಯೂಬಿಕ್ ಇಂಚು. ಫೋರ್ಡ್‌ಗೆ ಫೋರ್ಡ್ ಎಂಬ ಸಮಾಧಾನ ಬೇರೆ. ಎತ್ತರದ ಆರ್‌ಪಿಎಂನಲ್ಲಿ ಅದು ಹಾಡುವ ರೀತಿಗೆ ಸೋಲದವರಿಲ್ಲ.

ಆದರೆ ಇದರ ಹೆಡ್‌ಗಳ ಮೇಲೆ ನಾಲ್ಕು ಕ್ಯಾಮ್‌ಶಾಫ್ಟ್ ಕೂತಿವೆ. ಎಂಜಿನ್ನಿನ ಅಗಲ ಸುಮಾರು 28 ಇಂಚು. ಹಳೆಯ ಮಸ್ಟಾಂಗ್‌ನ ಟವರ್‌ಗಳ ನಡುವೆ ಅಷ್ಟು ಜಾಗವಿಲ್ಲ. ಸಾಮಾನ್ಯ ದಾರಿ ಎಂದರೆ ಟವರ್ ಪೂರ್ತಿ ಕತ್ತರಿಸಿ, ಮಸ್ಟಾಂಗ್ 2 (ಎಪ್ಪತ್ತರ ದಶಕದ ಮಸ್ಟಾಂಗ್) ಮಾದರಿಯ ಮುಂದಿನ ಸಸ್ಪೆನ್ಷನ್ ಮತ್ತು ರ‍್ಯಾಕ್ ಸ್ಟಿಯರಿಂಗ್ ವೆಲ್ಡ್ ಮಾಡುವುದು. ಒಮ್ಮೆ ಹೀಗೆ ಮಾಡಿದ ಮೇಲೆ ಹಿಂದಿರುಗುವುದು ಹೆಸರಿಗಷ್ಟೇ ಸಾಧ್ಯ.

ನನ್ನ ವಾದದ ತಿರುಳು ಇಲ್ಲಿದೆ. ಲಾಂಛನ ನೋಡಿ ಕಯೋಟಿ ಆರಿಸಿದವರು ತಮ್ಮ ಫೋರ್ಡ್ ಕಾರಿನ ಮುಂಭಾಗವನ್ನೇ ಕಳೆದುಕೊಳ್ಳುತ್ತಾರೆ. ಎದುರಾಳಿಯ ಎಂಜಿನ್ ಆರಿಸಿದವರು, ಜೋಪಾನ ಮಾಡಿದರೆ, 1965ರ ಟವರ್, ಸಸ್ಪೆನ್ಷನ್, ಸ್ಟಿಯರಿಂಗ್ ಮೂರನ್ನೂ ಉಳಿಸಿಕೊಳ್ಳಬಲ್ಲರು. ಹಿಂದೆಂದೋ ಅಪಘಾತವಾಗಿ ಅಥವಾ ತುಕ್ಕು ತಿಂದು ಟವರ್ ಈಗಾಗಲೇ ಹಾಳಾಗಿರುವ ಕಾರಾದರೆ ಕಯೋಟಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಗಟ್ಟಿಯಾಗಿರುವ ಟವರ್ ಮೇಲೆ ಗ್ರೈಂಡರ್ ಇಡುವುದನ್ನು ನೋಡಲು ನನ್ನಿಂದಾಗದು.

ಎಂಜಿನ್ ಬೆರಸುವುದು ಹೊಸ ಅಪಚಾರವೇನೂ ಅಲ್ಲ. 1932ರ ಫೋರ್ಡ್‌ಗಳಿಗೆ 1955ರ ಶೆವ್ರೊಲೆ ಸ್ಮಾಲ್ ಬ್ಲಾಕ್ ಇಳಿಸಿದ ಹಾಟ್ ರಾಡ್‌ಗಳೇ ಲೆಕ್ಕವಿಲ್ಲದಷ್ಟಿವೆ. ದೊಡ್ಡ ಕಂಪನಿಯೂ ಇದಕ್ಕೆ ತಲೆಬಾಗಿದೆ. ಬ್ರಿಟನ್ನಿನ ಸನ್‌ಬೀಮ್ ಟೈಗರ್ 1964ರಲ್ಲಿ ಫೋರ್ಡ್ 260 ವಿ8 ಜೊತೆ ಬಂತು. ಮುಂದೆ ಅದನ್ನು ತಯಾರಿಸುತ್ತಿದ್ದ ರೂಟ್ಸ್ ಕಂಪನಿ ಕ್ರೈಸ್ಲರ್ ಕೈಗೆ ಹೋಯಿತು. ಕ್ರೈಸ್ಲರ್ ವಿ8ನ ಡಿಸ್ಟ್ರಿಬ್ಯೂಟರ್ ಹಿಂದಿತ್ತು, ಫೋರ್ಡ್‌ನದು ಮುಂದೆ. ಸ್ವಂತ ಎಂಜಿನ್ ಆ ಕೋಣೆಗೆ ಹೊಂದಲಿಲ್ಲ. 1967ರಲ್ಲಿ ನಿಲ್ಲಿಸುವ ತನಕ ಕ್ರೈಸ್ಲರ್ ತನ್ನ ಎದುರಾಳಿಯ ಎಂಜಿನ್ನನ್ನೇ ಹಾಕಿ ಮಾರಿತು.

ಹಾಗಾದರೆ ಯಾವುದು?

ಓಡಿಸಿ ಸಂತೋಷಪಡುವ 1965-66ರ ಕಾರಿಗೆ ನನ್ನ ಮೊದಲ ಆಯ್ಕೆ ರೋಲರ್ ಕ್ಯಾಮಿನ 302 ಅಥವಾ 347, ಐದು ಗೇರಿನ ಟಿ5 ಗೇರ್‌ಬಾಕ್ಸ್ ಜೊತೆ. 1967-70ರ ಸಾಧಾರಣ ಕಾರು, ಮೂಲ ಎಂಜಿನ್ ಕಳೆದುಹೋಗಿದೆ, ದೂರದ ಪ್ರಯಾಣ ಹೆಚ್ಚು, ವೈರಿಂಗ್ ಕೆಲಸ ಗೊತ್ತು ಎಂದಾದರೆ ಎಲ್‌ಎಸ್, ಟವರ್ ಮುಟ್ಟದೆ. ನಿರ್ಧರಿಸುವ ಮುನ್ನ ಮೂರನ್ನೂ ಕಣ್ಣಾರೆ ನೋಡಿ. ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಲ್ಲಿ ಆರಂಭವಾದ ಆಗಸ್ಟ್ ತಿಂಗಳ ಡ್ರೀಮ್ ಕ್ರೂಸ್‌ನಲ್ಲಿ ಇಂಥ ಕಾರುಗಳು ಬಾನೆಟ್ ತೆರೆದು ನಿಂತಿರುತ್ತವೆ. ಅಲ್ಲಿನ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗಂತೂ ಮನೆ ಬಾಗಿಲಲ್ಲೇ. ಮಾಲೀಕರನ್ನು ಕೇಳಿಕೊಂಡು, ಎಂಜಿನ್ ತಣ್ಣಗಿರುವಾಗ ಹೆಡರ್ ಮತ್ತು ಟವರ್ ನಡುವೆ ಕೈ ತೂರಿಸಿ ನೋಡಿ. ಸ್ಪಾರ್ಕ್ ಪ್ಲಗ್‌ಗೆ ಕೈ ಸಿಗದಿದ್ದರೆ ಆ ಜೋಡಣೆ ನಿಮಗೆ ಬೇಡ.

ಯಾವ ಎಂಜಿನ್ ಆದರೂ ಮೊದಲು ಬ್ರೇಕ್. 1966ರವರೆಗಿನ ಮಸ್ಟಾಂಗ್‌ನ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರಿಂದ ಎರಡು ಕೋಣೆ ಬಂತು. ಎಂಜಿನ್ ಕೊಳ್ಳುವ ಮುಂಚೆಯೇ ಇದನ್ನು ಬದಲಿಸಿ, ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿ. 'ಟಿ' ಕಾರಾದರೆ ಚಕ್ರಕ್ಕೆ ನಾಲ್ಕೇ ಬೋಲ್ಟ್, ಹಿಂದಿನ ಡಿಫರೆನ್ಷಿಯಲ್ ಸಣ್ಣದು. ವಿ8 ಬಲ ಅದು ತಾಳದು. ವಿ8 ಕಾರಿನ 8 ಇಂಚಿನದು ಮಿತವಾದ 302ಕ್ಕೆ ಸಾಕು, ಅದಕ್ಕೂ ಮೇಲೆ ಹೋಗುವವರಿಗೆ 9 ಇಂಚಿನದು.

ಕಾನೂನು ಊರಿಂದ ಊರಿಗೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಭಾರತದಲ್ಲಿ ಲೆಕ್ಕಾಚಾರವೇ ಬೇರೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ. ಛಾಸಿ, ಬಾಡಿ, ಎಂಜಿನ್‌ನಲ್ಲಿ ಭಾರೀ ಬದಲಾವಣೆ ಆಗಿರಬಾರದು. ಎಂದಾದರೂ ಕಾರನ್ನು ಬೆಂಗಳೂರಿಗೆ ತರುವ ಆಸೆ ಇದ್ದವರು ಎಲ್‌ಎಸ್, ಕಯೋಟಿ ಎರಡನ್ನೂ ಮರೆತು ಮೂಲ ಎಂಜಿನ್ನನ್ನೇ ರಿಪೇರಿ ಮಾಡಿಸಬೇಕು.

ಇಳಿಸಿದ ಎಂಜಿನ್ನನ್ನು ದಯವಿಟ್ಟು ಮಾರಬೇಡಿ. ಪ್ಲಗ್ ತೂತುಗಳಿಂದ ಸಿಲಿಂಡರಿಗೆ ಆಯಿಲ್ ಬಿಟ್ಟು, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಹಳೆಯ ಪ್ಲಗ್‌ಗಳನ್ನೇ ಮತ್ತೆ ಬಿಗಿಯಿರಿ. ಬ್ಲಾಕಿನ ಮೇಲಿನ ಎರಕದ ತಾರೀಖು ಕೋಡ್‌ನ ಫೋಟೋ ತೆಗೆದಿಡಿ. ಕಾರ್ಬುರೇಟರಿನ ತಗಡಿನ ಚೀಟಿ, ಡಿಸ್ಟ್ರಿಬ್ಯೂಟರ್, ಬ್ರಾಕೆಟ್‌ಗಳು, ಚಿಕ್ಕ ಬೋಲ್ಟ್‌ಗಳು ಎಲ್ಲಕ್ಕೂ ಹೆಸರು ಬರೆದು ಒಂದೇ ಪೆಟ್ಟಿಗೆಯಲ್ಲಿ ತುಂಬಿ. ಕಾರು ಮಾರುವ ದಿನ ಆ ಎಂಜಿನ್ನನ್ನೂ ಪೆಟ್ಟಿಗೆಯನ್ನೂ ಕೊಳ್ಳುವವರಿಗೆ ಕಾರಿನ ಜೊತೆಯಲ್ಲೇ ಕೊಟ್ಟು ಕಳಿಸಿ.